ಕರಡಿಗುಂಡಿನ ಹೊನ್ನೂರಮ್ಮ

ಠಣ್. ಠಣ್. ಠಣ್.

ಕುರುಗೋಡಿನ ಬೆಟ್ಟದ ಬುಡದಲ್ಲಿ ಒಂದು ಬೇವಿನ ಮರ. ಅದರ ಕೊಂಬೆಗೆ ಕಬ್ಬಿಣದ ರಾಡೊಂದು ತೂಗಾಡುತ್ತಿದೆ. ಕಲ್ಲಿನ ಕ್ವಾರಿಯಲ್ಲಿ ಬಂಡೆ ಕೊರೆದು ಸವೆದು, ಇನ್ನು ಕೆಲಸಕ್ಕೆ ಬಾರದು ಎಂದು ಎಸೆದದ್ದು. ಬೆಟ್ಟ ಹತ್ತುವವರು ಯಾರೇ ಆಗಲಿ, ಬುಡದಲ್ಲಿಟ್ಟ ದುಂಡುಕಲ್ಲು ಎತ್ತಿ ಆ ರಾಡಿಗೆ ಮೂರು ಸಲ ಬಡಿದೇ ಹೆಜ್ಜೆ ಇಡಬೇಕು. ಮೇಲಿನ ಗವಿಗಳಲ್ಲಿ ಕರಡಿಗಳಿವೆ. ಮನುಷ್ಯರು ಬರುವುದು ಮೊದಲೇ ತಿಳಿದರೆ ಅವು ತಾವಾಗಿ ದಾರಿ ಬಿಟ್ಟು ಸರಿಯುತ್ತವೆ, ತಿಳಿಯದೆ ಎದುರು ಬಿದ್ದರೆ ನೇರ ಮುಖಕ್ಕೇ ಬರುತ್ತವೆ. ಹೊಸಿಲು ದಾಟುವಾಗ ಚಪ್ಪಲಿ ಬಿಡುವಷ್ಟೇ ಸಹಜವಾಗಿ ಊರವರು ಕಬ್ಬಿಣ ಬಡಿಯುತ್ತಾರೆ.

ಆ ಮರಕ್ಕೆ ಬೆನ್ನು ಕೊಟ್ಟಂತಿರುವ ತಗಡಿನ ಮನೆ ಹೊನ್ನೂರಮ್ಮನದು. ಒಳಗೆ ಒಲೆಯ ಮುಂದೆ ಕುಳಿತೇ ಅವಳು ಬಂದವರನ್ನು ಗುರುತಿಸುತ್ತಾಳೆ. ದನಗಾಹಿಗಳು ಬಡಿದರೆ ಅದರಲ್ಲೊಂದು ಬೇಸರ ಇರುತ್ತದೆ. ಭಾನುವಾರ ಬಳ್ಳಾರಿಯಿಂದ ಬೈಕುಗಳಲ್ಲಿ ಬರುವ ಹುಡುಗ ಹುಡುಗಿಯರು ಬಡಿದರೆ ಸಪ್ಪಳದ ನಡುನಡುವೆ ನಗೆ. ಅವರು ಮೂರಕ್ಕೆ ನಿಲ್ಲಿಸುವವರಲ್ಲ, ವಿಡಿಯೋ ಸರಿಯಾಗಿ ಬರುವ ತನಕ ಬಡಿಯುತ್ತಾರೆ.

ಈಚಿನ ವರ್ಷಗಳಲ್ಲಿ ಈ ಬೆಟ್ಟದ ದಾರಿ ಹೆಸರುವಾಸಿಯಾಗಿದೆ. ನಸುಕಿನಲ್ಲಿ ಹೊರಟರೆ ಹೊತ್ತು ಮೂಡುವಾಗ ತುದಿ ಮುಟ್ಟಬಹುದು. ತುದಿಯಲ್ಲಿ ನಿಂತರೆ ಕಾಲುವೆ ನೀರಿನ ಭತ್ತದ ಗದ್ದೆಗಳು ಒಂದರ ಪಕ್ಕ ಒಂದು ಒಡೆದ ಕನ್ನಡಿ ಹರವಿದಂತೆ ಹೊಳೆಯುತ್ತವೆ. ದೂರದಲ್ಲಿ ಬಳ್ಳಾರಿಯ ಗುಡ್ಡ ಯಾರೋ ಮರೆತು ಹೋದ ಬುತ್ತಿಗಂಟಿನಂತೆ ಕಾಣುತ್ತದೆ. ಬಂದವರನ್ನು ತುದಿ ತನಕ ಕರೆದೊಯ್ದು ಇಳಿಸುವುದು ಹೊನ್ನೂರಮ್ಮನ ಕೆಲಸ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಬರಿಗಾಲಲ್ಲಿ ಮುಂದೆ ನಡೆಯುತ್ತಾಳೆ. ಶೂ ಹಾಕಿದವರು ಹಿಂದೆ ಏದುಸಿರು ಬಿಡುತ್ತ ಬರುತ್ತಾರೆ.

ಅರ್ಧ ದಾರಿಯಲ್ಲಿ ಎರಡು ಆಳು ಎತ್ತರದ ಒಂದು ಗುಂಡುಗಲ್ಲು ಇದೆ. ಅದರ ಹೆಸರು ಕರಡಿಗುಂಡು. ಅಲ್ಲಿ ಎಲ್ಲರೂ ಕೂರುತ್ತಾರೆ, ನೀರು ಕುಡಿಯುತ್ತಾರೆ, ಆಮೇಲೆ ಅವಳ ಮುಖ ನೋಡುತ್ತಾರೆ. ಎಡಗಣ್ಣಿನ ಕೆಳಗಿನಿಂದ ಗದ್ದದ ತನಕ ಮೂರು ಗೀರು. ಉತ್ತು ಬಿಟ್ಟ ಹೊಲದ ಸಾಲುಗಳಂತೆ ಆಳವಾಗಿ, ಸಮನಾಗಿ ಇಳಿದಿವೆ. ಕೇಳಲೋ ಬೇಡವೋ ಎಂದು ಅವರು ಅನುಮಾನಿಸುವಾಗ ಅವಳೇ ಶುರು ಮಾಡುತ್ತಾಳೆ.

"ಇಲ್ಲೇ ನೋಡ್ರಿ, ಈ ಗುಂಡಿನ ಹಿಂದಿಂದ ಬಂತು ಕರಡಿ. ನಮ್ಮೆಜಮಾನ್ರು ಹೊಡದಾಡಿ ಬಿಡಿಸಿದ್ರು."

ವರ್ಷಾನುಗಟ್ಟಲೆ ಅವಳು ಹೇಳಿಕೊಂಡು ಬಂದದ್ದು ಇಷ್ಟೇ. ಜನ ಅದಕ್ಕೆ ತಮ್ಮ ಕಡೆಯಿಂದ ಕೈಕಾಲು ಸೇರಿಸಿಕೊಂಡು ಕೆಳಗಿಳಿಯುತ್ತಾರೆ.

ಹೊನ್ನೂರಮ್ಮ ಹುಟ್ಟಿದ್ದು ಬೆಟ್ಟವೇ ಇಲ್ಲದ ಊರಿನಲ್ಲಿ. ಸಿರುಗುಪ್ಪ ತಾಲೂಕಿನ ರಾರಾವಿ. ನದಿ ಹತ್ತಿರ, ನೆಲ ಚಪ್ಪಟೆ. ಹುಡುಗಿಯಾಗಿದ್ದಾಗಿನಿಂದಲೇ ಅವ್ವನ ಜೊತೆ ಭತ್ತದ ನಾಟಿಗೆ ಹೋಗುತ್ತಿದ್ದಳು. ನಾಟಿ ಹಚ್ಚುವವರು ಬಗ್ಗಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ಸಾಲಿನಲ್ಲಿ ಒಂದು ಸಸಿ ತಪ್ಪಿದರೂ ಅವ್ವ ದೂರದಿಂದಲೇ ಕೂಗುತ್ತಿದ್ದಳು: "ಏ ಹೊನ್ನೂರಿ, ಅಲ್ಲೊಂದು ಹಲ್ಲು ಬಿದ್ದೈತಿ ನೋಡು." ಬಿಟ್ಟುಹೋದ ಸಸಿಯ ಜಾಗಕ್ಕೆ ಅವರ ಮನೆಯಲ್ಲಿ ಹಲ್ಲು ಬಿದ್ದದ್ದು ಎನ್ನುತ್ತಿದ್ದರು.

ಮದುವೆಯಾಗಿ ಬಂದದ್ದು ಕುರುಗೋಡಿನ ಓಬಳೇಶನ ಕೈ ಹಿಡಿದು. ಅವನು ಬೆಟ್ಟದ ಆಚೆ ಮಗ್ಗುಲಿನ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ. ಸುತ್ತಿಗೆ ಎತ್ತಿದರೆ ಬಂಡೆ ಎಲ್ಲಿ ಸೀಳಬೇಕೆಂದು ಅವನಿಗೆ ಕಾಣುತ್ತಿತ್ತಂತೆ. ಮದುವೆಯಾದ ವರ್ಷ ಒಂದು ಮಧ್ಯಾಹ್ನ ಅವಳು ಬುತ್ತಿ ತೆಗೆದುಕೊಂಡು ಕ್ವಾರಿಗೆ ಹೋಗಿದ್ದಳು. ಎಲ್ಲರ ಎದುರು ಓಬಳೇಶ ಪುಡಿಗಲ್ಲಿನ ಮೇಲೆ ಜಾರಿ ಕುಂಡಿ ಊರಿ ಬಿದ್ದ. ಆಳುಗಳು ನಕ್ಕರು. ಅವಳೂ ನಕ್ಕಳು. ಅವನು ಎದ್ದು, ಮೈಕೊಡವಿ, ಹತ್ತಿರ ಬಂದು ಸುತ್ತಿಗೆಯ ಹಿಡಿಯಿಂದ ಅವಳ ಬಾಯಿಗೆ ಬಡಿದ. ಮೇಲಿನ ಸಾಲಿನ ಮುಂದಿನ ಹಲ್ಲೊಂದು ಬುತ್ತಿಯ ಮೇಲೆಯೇ ಬಿತ್ತು. ಆಮೇಲೆ ಕುಳಿತು ಆ ಬುತ್ತಿ ಉಂಡ.

ಅಂದಿನಿಂದ ಅವಳು ಕೈಯಿಂದ ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿತಳು. ಬರಬರುತ್ತ ನಗುವೂ ಕಡಿಮೆಯಾಯಿತು. ಹೊಡೆತ ಕಡಿಮೆಯಾಗಲಿಲ್ಲ.

ಮಗಳು ಜ್ಯೋತಿ ಒಂದನೇ ಕ್ಲಾಸಿಗೆ ಹೋಗುತ್ತಿದ್ದ ವರ್ಷ ಬೆಟ್ಟದ ಮೇಲೆ ಸೀತಾಫಲ ಸುರಿದಂತೆ ಬಿಟ್ಟಿತ್ತು. ಹೊನ್ನೂರಮ್ಮ ಹಣ್ಣು ಕಿತ್ತು ತಂದು ರಸ್ತೆ ಬದಿಗೆ ಮಾರುತ್ತಿದ್ದಳು. ಓಬಳೇಶನಿಗೆ ಅದು ಸೇರಲಿಲ್ಲ. ಲಾರಿಯವರ ಮುಂದೆ ಕುಳಿತು ಹಲ್ಲು ಕಿಸಿಯುತ್ತಾಳೆ ಎಂದ. ಇನ್ನೊಮ್ಮೆ ಬುಟ್ಟಿ ಎತ್ತಿದರೆ ಮುಖ ಇಲ್ಲದಂತೆ ಮಾಡುತ್ತೇನೆ ಎಂದೂ ಹೇಳಿದ. ಮರುದಿನ ಅವನು ಕ್ವಾರಿಗೆ ಹೋದ ಮೇಲೆ ಅವಳು ಬುಟ್ಟಿ ಎತ್ತಿದಳು. ಜ್ಯೋತಿಯನ್ನು ಚಹಾದಂಗಡಿಯ ಚನ್ನವೀರಮ್ಮನ ಹತ್ತಿರ ಬಿಟ್ಟಳು. ಕೂಸು ತಾನೇ ಕಬ್ಬಿಣ ಬಡಿಯುತ್ತೇನೆಂದು ಹಟ ಹಿಡಿಯಿತು. ಸೊಂಟದ ಮೇಲೆ ಎತ್ತಿಕೊಂಡಳು. ಎರಡೂ ಪುಟ್ಟ ಕೈಯಲ್ಲಿ ಕಲ್ಲು ಹಿಡಿದು ಜ್ಯೋತಿ ಮೂರು ಸಲ ಬಡಿದಳು. ಚನ್ನವೀರಮ್ಮನ ಸೊಂಟಕ್ಕೆ ದಾಟಿಸಿದರೂ ಕಲ್ಲು ಬಿಡಲಿಲ್ಲ.

ಕರಡಿಗುಂಡಿಗೆ ಆಗ ಆ ಹೆಸರು ಇರಲಿಲ್ಲ. ಅದರ ಹಿಂದಿನ ಗಿಡದಲ್ಲಿ ಅವಳು ಹಣ್ಣು ಕೀಳುತ್ತಿದ್ದಾಗ ಕ್ವಾರಿಯ ಕಡೆಯಿಂದ ಓಬಳೇಶ ಬಂದ. ಕೈಯಲ್ಲಿ ಕಲ್ಲಿನ ಚಕ್ಕೆ ಎಳೆಯುವ ಮೂರು ಹಲ್ಲಿನ ಕಬ್ಬಿಣದ ಪಂಜ. ಮೊದಲ ಏಟಿಗೆ ಬುಟ್ಟಿ ಹೋಯಿತು. ಎರಡನೆಯದು ಮುಖದ ಮೇಲೆ ಮೇಲಿನಿಂದ ಕೆಳಕ್ಕೆ, ಚಕ್ಕೆ ಎಳೆದ ಹಾಗೆಯೇ ಎಳೆಯಿತು. ಮೂರನೆಯದಕ್ಕೆ ಅವನು ಕೈ ಎತ್ತಿದಾಗ ಅವಳು ಆ ಕೈಗೆ ಬಾಯಿ ಹಾಕಿದಳು. ಹಲ್ಲು ಮೂಳೆಗೆ ತಾಗುವ ತನಕ ಬಿಡಲಿಲ್ಲ. ಅವನು ಕೂಗಿದ, ಪಂಜ ಬಿಟ್ಟ. ಹಣ್ಣು ತುಳಿಯುತ್ತ ರಕ್ತ ತುಳಿಯುತ್ತ ಅವಳು ಕೆಳಗೆ ಓಡಿದಳು. ಹಿಂದೆಯೇ ಅವನೂ ಓಡಿಬಂದ.

ಬೇವಿನ ಮರದ ಹತ್ತಿರ ಜನ ಸೇರಿತು. ಒಬ್ಬರಾದರೂ ಯಾರು ಹೊಡೆದರು ಎಂದು ಕೇಳಲಿಲ್ಲ. ಚನ್ನವೀರಮ್ಮ ಎದೆ ಬಡಿದುಕೊಂಡು ಕೇಳಿದ್ದು ಒಂದೇ: "ಅಯ್ಯ ನಮ್ಮವ್ವ, ಕಬ್ಬಿಣದ ಸಪ್ಪಳ ಅದಕ್ಕ ಕೇಳಿಸಲಿಲ್ಲೇನು?"

ಈ ಬೆಟ್ಟದಿಂದ ಹರಿದ ಮುಖ ಹೊತ್ತು ಯಾರೇ ಇಳಿದರೂ ಊರಿಗೆ ಕಾಣುವುದು ಕರಡಿಯೇ.

ಓಬಳೇಶ ರಕ್ತ ಸುರಿಯುವ ತನ್ನ ಕೈ ನೋಡಿಕೊಂಡ. ಜನರ ಮುಖ ನೋಡಿದ. "ನಾ ಹೋಗಲಿಲ್ಲಂದ್ರ ಹರಿದು ಹಾಕ್ತಿತ್ತು," ಎಂದ. ಯಾರೋ ತಮ್ಮ ಟವೆಲ್ಲು ಹರಿದು ಆ ಕೈಗೆ ಕಟ್ಟಿದರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಅವಳ ಕೆನ್ನೆ, ತುಟಿ ಸೇರಿಸಿ ಹೊಲಿದರು. ಬಾಯಿ ಬಿಡುವ ಹಾಗಿರಲಿಲ್ಲ. ಅಷ್ಟರೊಳಗೆ ಊರಿನ ಗಂಡಸರು ಆ ಗುಂಡುಗಲ್ಲಿನ ಹತ್ತಿರದ ಗವಿಯ ಬಾಯಿಗೆ ಒಣಹುಲ್ಲು ತುಂಬಿ ಬೆಂಕಿ ಹಚ್ಚಿದರು. ಹೊಗೆ ತಾಳದೆ ಹೊರಬಂದ ಹೆಣ್ಣು ಕರಡಿಯನ್ನು ಹಾರೆಗಳಿಂದ ಬಡಿದರು. ಅದು ಎರಡು ಕಾಲ ಮೇಲೆ ಎದ್ದು ನಿಂತು, ಮುಂಗಾಲುಗಳಿಂದ ಮುಖ ಮುಚ್ಚಿಕೊಂಡಿತ್ತಂತೆ. ಮೊದಲ ಹಾರೆ ಓಬಳೇಶನದೇ. ಕ್ವಾರಿಯ ಹಳೆಯ ಗುಂಡಿಯಲ್ಲಿ ಹೂತು ಕಲ್ಲುಪುಡಿ ಮುಚ್ಚಿದರು, ಹೊರಗೆ ಬಾಯಿ ಬಿಡಬಾರದೆಂದು ಮಾತಾಯಿತು. ಅದರ ಒಂದು ಉಗುರನ್ನು ಅವನು ಕರಿದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡ. ಹೊನ್ನೂರಮ್ಮನ ಹೊಲಿಗೆ ಬಿಚ್ಚುವ ಹೊತ್ತಿಗೆ ಕತೆ ಮುಗಿದು, ಕರಡಿ ಮಣ್ಣಾಗಿ, ಗುಂಡುಗಲ್ಲಿಗೆ ಹೆಸರೂ ಬಂದಿತ್ತು. ಅವಳ ಮಾತಿಗೆ ಜಾಗ ಉಳಿದಿರಲಿಲ್ಲ.

ಆಮೇಲೆ ಓಬಳೇಶ ಆಂಧ್ರದ ಕಡೆಯ ಕ್ವಾರಿಗಳಿಗೆ ಕೆಲಸಕ್ಕೆ ಹೋದ. ಯಾವಾಗಲೋ ಬರುತ್ತಿದ್ದ, ಹೋಗುತ್ತಿದ್ದ. ಅವನಿಲ್ಲದ ಮನೆಯಲ್ಲಿ ಜ್ಯೋತಿ ಬೆಳೆದಳು. ಈಗ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಡಿಗ್ರಿ ಓದುತ್ತಾಳೆ. ರಜೆಯಿದ್ದರೆ ಅವ್ವನ ಹಿಂದೆ ಬೆಟ್ಟ ಹತ್ತುತ್ತಾಳೆ. ಕರಡಿಗುಂಡಿನ ಹತ್ತಿರ ಅವ್ವ ಕತೆ ಹೇಳುವಾಗ ಮಾತ್ರ ಸ್ವಲ್ಪ ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಹೆದರಿಕೆ ಇರಬೇಕು ಎಂದುಕೊಂಡಿದ್ದಳು ಹೊನ್ನೂರಮ್ಮ.

ಕಳೆದ ಚಳಿಗಾಲದ ಒಂದು ಶನಿವಾರ ಮಧ್ಯಾಹ್ನ ಓಬಳೇಶ ಬಂದ. ಜೊತೆಗೆ ಅವನ ಅಕ್ಕನ ಮಗ ಮಾರೇಶ. ಆಂಧ್ರದಲ್ಲಿ ಓಬಳೇಶ ದುಡಿಯುವ ಕ್ವಾರಿಯಲ್ಲೇ ಆಳುಗಳ ಮೇಸ್ತ್ರಿ. ಮನೆಯ ನಾಯಿ ಬಾಲ ಅಲ್ಲಾಡಿಸುತ್ತ ಹತ್ತಿರ ಹೋದಾಗ ಮಾರೇಶ ಫೋನಿನಿಂದ ಕಣ್ಣೆತ್ತದೆ ಬಗ್ಗಿ ಕಲ್ಲೊಂದು ಎತ್ತಿ ಬೀಸಿದ. ನಾಯಿ ಮುಂಗಾಲು ಎತ್ತಿಕೊಂಡು ಕುಂಯ್ಗುಡುತ್ತ ಮನೆ ಹಿಂದೆ ಹೋಯಿತು.

"ಗುರಿ ನೋಡು ನನ್ನಳಿಯಂದು," ಎಂದು ಓಬಳೇಶ ನಕ್ಕ. ಜ್ಯೋತಿ ನೀರು ತಂದು ಕೊಟ್ಟಳು. "ಏನವ್ವ ಜ್ಯೋತಿ, ಅಪ್ಪನ್ನ ಮರತೇ ಬಿಟ್ಟಿಯೇನು? ಸೋಮವಾರ ಅತ್ತಿ ಮನಿಗೆ ಹೋಗೋಣು. ತಯಾರಾಗು."

ಜ್ಯೋತಿ ತಲೆಯಾಡಿಸಿ ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು. ಮಾರೇಶ ಬೀಡಿ ತರಲು ಅಂಗಡಿಗೆ ಹೋದ.

"ಅತ್ತಿ ಮನ್ಯಾಗ ಏನೈತಿ?" ಎಂದು ಕೇಳಿದಳು ಹೊನ್ನೂರಮ್ಮ.

"ತಾಳಿ. ಮಾರೇಶಂಗ ಕೊಡ್ತೀನಿ ಅಂತ ಅಕ್ಕಗ ಮಾತು ಕೊಟ್ಟೀನಿ."

"ಅವನ ಮೊದಲನೇಕಿ ಎಲ್ಲದಾಳ?"

"ಅಕಿ ಕಲ್ಲಿನ ಮ್ಯಾಲಿಂದ ಬಿದ್ದು ಕೈ ಮುರಕಂಡ್ಳು. ತವರಿಗೆ ಹೋಗಿ ಕುಂತಾಳ. ಬಿಡಿಸಿಕಂಡದ್ದು ಆಗೈತಿ."

"ನಿಮ್ಮ ಮನ್ಯಾಗ ಹೆಣ್ಮಕ್ಳು ಭಾಳ ಬೀಳ್ತಾರ, ಬಿಡು."

ಅವನು ನಗುತ್ತಲೇ ಎದ್ದ. ಹತ್ತಿರ ಬಂದು ಮೂರು ಬೆರಳುಗಳನ್ನು ಅವಳ ಕೆನ್ನೆಯ ಮೂರು ಗೀರುಗಳ ಮೇಲೆ ಸರಿಯಾಗಿ ಇಟ್ಟ. ಹಾಗೆಯೇ ಅವಳ ತಲೆಯನ್ನು ಒಲೆಯ ಹಿಂದಿನ ಗೋಡೆಗೆ ಒತ್ತಿದ. ಕಲ್ಲು ಹಿಡಿದು ಹಿಡಿದು ಒರಟಾದ ಬೆರಳು. ಒಲೆಯ ಬಿಸಿ ಅವಳ ಮೊಣಕಾಲು ಸುಡುತ್ತಿತ್ತು. ಅವನು ಬಿಡಲಿಲ್ಲ.

"ಕರಡಿ ಬೆಟ್ಟದಾಗ ಇನ್ನೂ ಐತಿ, ಹೊನ್ನೂರಿ. ಸತ್ತಿಲ್ಲ."

ಹೊರಗೆ ಕೊಡದ ಸಪ್ಪಳವಾದಾಗ ಬಿಟ್ಟ. ಬಿಡುವ ಮುನ್ನ ಅವಳ ಸೆರಗಿನಿಂದಲೇ ತನ್ನ ಬೆರಳು ಒರೆಸಿಕೊಂಡ.

ಹೊತ್ತು ಇಳಿಯುವಾಗ ಮಾವ ಅಳಿಯ ಇಬ್ಬರೂ ಪೇಟೆಯ ಕಡೆ ಹೋದರು. ತಾಯಿ ಮಗಳು ಹಿತ್ತಲಲ್ಲಿ ಮರುದಿನದ ಚಾರಣದವರಿಗಾಗಿ ಒಗ್ಗರಣೆ ಮಂಡಕ್ಕಿಗೆ ಮೆಣಸಿನಕಾಯಿ ಹೆಚ್ಚುತ್ತ ಕುಳಿತರು.

"ಜ್ಯೋತಿ, ಸೋಮವಾರ ಮಾರೇಶನ ಕೈಲೆ ನಿನಗ ತಾಳಿ ಕಟ್ಟಸ್ತಾನಂತ ನಿಮ್ಮಪ್ಪ, ಮೊದಲನೇಕಿ ಕೈ ಮುರದಾವನ ಕೈಲೆ. ನೀ ಒಲ್ಲೆ ಅನ್ನು. ನಿನ್ನ ಬಾಯಿಲೆ ಅನ್ನು. ಮುಂದಿಂದು ನಾ ನೋಡ್ಕಂತೀನಿ."

ಜ್ಯೋತಿಯ ಚಾಕು ನಿಂತಿತು. "ನನಗೂ ಮನಸಿಲ್ಲವ್ವ. ಆದ್ರ ಅಪ್ಪಗ ಒಲ್ಲೆ ಅನ್ನಾಕ ನನಗೆಲ್ಲೈತಿ ಬಾಯಿ?"

"ಯಾಕ ಇಲ್ಲ?"

"ಅವತ್ತು ಕಬ್ಬಿಣ ಬಡದಾಕಿ ನಾನು." ಮೆಣಸಿನ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಉರಿ ಮಾಡಿಕೊಂಡಳು. "ನಿನ್ನ ಟೆಂಪೋದಾಗ ಹಾಕಿ ಒಯ್ದಮ್ಯಾಲ ಎಲ್ಲಾರೂ ಅಂದ್ರು, ಕೂಸು ಬಡದ್ರ ಸಪ್ಪಳ ಎಲ್ಲಿಗೆ ಹೋಗತೈತಿ, ಕರಡಿಗೆ ಹ್ಯಾಂಗ ಕೇಳಬೇಕು ಅಂತ. ನಾ ಮೆತ್ತಗ ಬಡದೆ. ನಿನ್ನ ಮುಖ ಹೋತು. ಅಪ್ಪ ಇದ್ದ, ನೀ ಉಳದಿ. ಈಗ ಅಪ್ಪ ಒಂದು ಮಾತು ಕೇಳಿದ್ರ ನಾ ಹ್ಯಾಂಗ ಇಲ್ಲ ಅನ್ಲಿ?"

ಹೊನ್ನೂರಮ್ಮನಿಗೆ ಈಗ ತಿಳಿಯಿತು. ಇಷ್ಟು ವರ್ಷ ಬೆನ್ನು ತಿರುಗಿಸಿ ನಿಲ್ಲುತ್ತಿದ್ದವಳ ಬೆನ್ನ ಮೇಲೆ ಇದ್ದದ್ದು ಇದು. ಪಂಜ ಒಂದೇ ಸಲ ಎಳೆದದ್ದಲ್ಲ, ಪ್ರತಿ ಭಾನುವಾರವೂ ಎಳೆಯುತ್ತಿತ್ತು, ಎಳೆಸಿಕೊಳ್ಳುತ್ತಿದ್ದವಳು ಮಗಳು.

"ಅವತ್ತು ಕರಡಿ ಇದ್ದಿದ್ದಿಲ್ಲ, ಜ್ಯೋತಿ. ನನ್ನ ಹೊಡದಾವ ನಿಮ್ಮಪ್ಪ."

ಮಗಳು ಅವಳನ್ನು ಕನಿಕರದಿಂದ ನೋಡಿದಳು. "ನನ್ನ ಸಮಾಧಾನಕ್ಕ ಹೇಳ್ತಿ ನೀನು. ಅಪ್ಪನ ಕೈಯಾಗ ಹಲ್ಲಿನ ಗುರುತು ಐತಲ್ಲವ್ವ. ಕರಡಿ ಬಂತು ಅಂತ ನೀನೇ ಹೇಳಿದ್ದು ನಾ ಎಷ್ಟು ಸಲ ಕೇಳೀನಿ?"

ಹೊನ್ನೂರಮ್ಮ ಬಾಯಿ ತೆರೆದಳು. ತಾನೇ ಹೇಳಿದ ಕತೆ ಬಾಗಿಲಲ್ಲಿ ಅಡ್ಡ ನಿಂತಿತ್ತು. ಬಾಯಿ ಮುಚ್ಚಿದಳು. ಹಲ್ಲಿಲ್ಲದ ಜಾಗಕ್ಕೆ ನಾಲಿಗೆ ತಾನಾಗಿ ಹೋಯಿತು. ಅಲ್ಲಿಯೇ ಬಹಳ ಹೊತ್ತು ನಿಂತಿತು.

ಭಾನುವಾರ ನಸುಕಿನಲ್ಲಿ ಬಳ್ಳಾರಿಯ ಗುಂಪು ಬಂದಿಳಿಯಿತು. ಅವರ ಮುಂದಾಳು ಚನ್ನಬಸವರಾಜ ಎಂಬ ಬ್ಯಾಂಕಿನ ನೌಕರ. ತಿಂಗಳಿಗೊಮ್ಮೆ ಹೊಸಬರನ್ನು ಕಟ್ಟಿಕೊಂಡು ಬರುವವನು. ಈ ಸಲ ಅಂಜನಾ ಎಂಬ ಹುಡುಗಿ ಕೊರಳಲ್ಲಿ ದೊಡ್ಡ ಕ್ಯಾಮೆರಾ ಹಾಕಿಕೊಂಡು ಬಂದಿದ್ದಳು. ಓಬಳೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಗುರಿನ ದಾರವನ್ನು ಅಂಗಿಯ ಹೊರಗೆ ಎಳೆದುಕೊಂಡು ಮರದ ಕೆಳಗೆ ನಿಂತಿದ್ದ.

"ಅರೆ, ಕರಡಿ ಓಬಳೇಶಪ್ಪನೋರು!" ಚನ್ನಬಸವರಾಜ ಕೈ ಕುಲುಕಿದ. "ಇವತ್ತು ನಮ್ಮ ಅದೃಷ್ಟ. ಕತಿ ಖುದ್ದು ನಿಮ್ಮ ಬಾಯಿಲೇ ಕೇಳ್ತೀವಿ."

"ಹೇಳೋಣಂತ ಬರ್ರಿ ಸರ. ಇಕಿಗೆ ಸರಿಯಾಗಿ ಹೇಳಾಕ ಬರಂಗಿಲ್ಲ."

ಜ್ಯೋತಿ ನೀರಿನ ಸ್ಟೀಲ್ ಕ್ಯಾನು ಹೊತ್ತು ಬಂದಳು. ಮಾರೇಶ ಅವಳ ಹಿಂದೆ. ಕಬ್ಬಿಣ ಬಡಿದವಳು ಹೊನ್ನೂರಮ್ಮ. ಆ ಸಪ್ಪಳಕ್ಕೆ ಬೇವಿನ ಮರದ ಕಾಗೆಗಳು ಒಟ್ಟಿಗೆ ಎದ್ದವು.

ಹತ್ತುವಾಗ ಯಾರಿಗೂ ಮಾತು ಬರುವುದಿಲ್ಲ. ಮೊದಲು ಕಳ್ಳಿ ಬೇಲಿ, ಆಮೇಲೆ ಹಳೆಯ ಕೋಟೆಯ ಕುಸಿದ ಗೋಡೆ, ಅದಾದ ಮೇಲೆ ಬರೀ ಬಂಡೆ. ಮಂಜು ಬಿದ್ದ ಕಲ್ಲು ಅಂಗಾಲಿಗೆ ತಣ್ಣಗೆ ಅಂಟುತ್ತಿತ್ತು. ಕಿರಿದಾದ ಸಂದಿಯೊಂದರಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಕೈಯೂರಿ ದಾಟುವಾಗ ಮಾರೇಶ ಜ್ಯೋತಿಯ ರಟ್ಟೆ ಹಿಡಿದ. "ಕಾಲೇಜು ಗೀಲೇಜು ಇವತ್ತಿಗೆ ಖತಂ. ನನ್ನ ಮನ್ಯಾಗ ಹೆಂಗಸರಿಗೆ ಫೋನೂ ಇಲ್ಲ," ಎಂದು ಕಿವಿಯ ಹತ್ತಿರ ಹೇಳಿದ. ಮೇಲೆ ನಿಂತು ಕೈ ನೀಡಿದ ಹೊನ್ನೂರಮ್ಮ ಅವಳನ್ನು ಎಳೆದುಕೊಂಡಾಗ ಮಗಳ ರಟ್ಟೆಯ ಮೇಲೆ ನಾಲ್ಕು ಬೆರಳು ಕೆಂಪಗೆ ಮೂಡಿದ್ದವು.

ಕರಡಿಗುಂಡಿನ ಹತ್ತಿರ ಎಲ್ಲರೂ ಕುಳಿತರು. ಓಬಳೇಶ ಗುಂಡಿಗೆ ಬೆನ್ನು ಕೊಟ್ಟು ನಿಂತ. ಅವನಿಗೆ ಕತೆ ಹೇಳುವುದು ಬರುತ್ತಿತ್ತು, ಅದು ಸುಳ್ಳಲ್ಲ. ಕರಡಿ ಎದ್ದು ನಿಂತ ಬಗೆ ತೋರಿಸಿದ, ಅದರ ಉಸಿರಿನ ನಾತ ಹೇಳಿದ, ಹೆಂಡತಿ ಕೂಗಿದ ದನಿಯನ್ನು ಅವನೇ ಕೂಗಿ ತೋರಿಸಿದ. ಆ ಕೂಗು ಮಾತ್ರ ನಿಜವಾದದ್ದು. ಅದನ್ನು ಅವನು ಮರೆತಿರಲಿಲ್ಲ.

"ಆಗ ನಾ ನನ್ನ ಕೈನೇ ಅದರ ಬಾಯಾಗ ಇಟ್ಟೆ. ಕಡಿ, ಬೇಕಾದ್ರ ನನ್ನ ಕಡಿ, ಇಕಿನ್ನ ಬಿಡು ಅಂದೆ." ಅಂಗಿಯ ತೋಳು ಮೇಲೇರಿಸಿ ಮುಂಗೈ ಚಾಚಿದ. "ನೋಡ್ರಿ ಬೇಕಾದ್ರ."

ಅಂಜನಾ ಕ್ಯಾಮೆರಾ ಹಿಡಿದು ಬಗ್ಗಿದಳು. ಹೊನ್ನೂರಮ್ಮ ಎದ್ದಳು.

"ತಡೀವ್ವ. ಕರಡಿ ಹಲ್ಲು ಹ್ಯಾಂಗ ಇದ್ದವು ಅಂತ ನಾ ತೋರಿಸ್ತೀನಿ."

ಅವನ ಚಾಚಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಅವನಿಗೆ ತಿಳಿಯುವಷ್ಟರಲ್ಲಿ ಬಾಯಿ ತೆರೆದು, ಆ ಹಳೆಯ ಗುರುತಿನ ಮೇಲೆ ತನ್ನ ಹಲ್ಲಿಟ್ಟಳು. ಕಚ್ಚಲಿಲ್ಲ. ಇಟ್ಟಳು ಅಷ್ಟೇ. ಮೇಲಿನ ಸಾಲು ಮೇಲಿನ ಗುರುತಿಗೆ, ಕೆಳಗಿನದು ಕೆಳಗಿನದಕ್ಕೆ. ಆಮೇಲೆ ಬಾಯಿ ತೆಗೆದು, ಕೈ ಹಾಗೆಯೇ ಹಿಡಿದು ಮಗಳ ಕಡೆ ತಿರುಗಿಸಿದಳು. ಚರ್ಮದ ಮೇಲೆ ಬಿಳಿಚಿದ ಚುಕ್ಕೆಗಳ ಎರಡು ಸಾಲು. ನಾಟಿ ಹಚ್ಚಿದ ಸಸಿಗಳ ಹಾಗೆ ಒತ್ತಾಗಿ, ಸಣ್ಣಗೆ. ಮೇಲಿನ ಸಾಲಿನ ನಡುವೆ ಒಂದು ಸಸಿಯ ಜಾಗ ಖಾಲಿ.

"ಇಲ್ಲೊಂದು ಹಲ್ಲು ಬಿದ್ದೈತಿ ನೋಡು, ಜ್ಯೋತಿ," ಎಂದು ಹೊನ್ನೂರಮ್ಮ ಬಾಯಿ ಅಗಲಿಸಿ ತೋರಿಸಿದಳು.

ಜ್ಯೋತಿ ಹತ್ತಿರ ಬಂದಳು. ಅಪ್ಪನ ಕೈಯ ಆ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿದಳು. ಆಮೇಲೆ ಅದೇ ಹೆಬ್ಬೆರಳನ್ನು ಅವ್ವನ ಬಾಯಿಯ ಖಾಲಿ ಜಾಗದಲ್ಲಿ ಇಟ್ಟಳು. ಅಂಜನಾ ಮೆಲ್ಲಗೆ, "ಇದು ಮನುಷ್ಯರ ಕಡಿತ," ಎಂದಳು.

ಓಬಳೇಶನ ಇನ್ನೊಂದು ಕೈ ಮುಷ್ಟಿಯಾಗಿ ಬಂದು ಹೊನ್ನೂರಮ್ಮನ ಗಾಯದ ಕೆನ್ನೆಗೆ ಬಿತ್ತು. ತಲೆ ಹಿಂದಕ್ಕೆ ಹೋಗಿ ಗುಂಡಿಗೆ ಬಡಿಯಿತು. ಅವಳು ಜಾರಿ ಕುಳಿತಳು. ಅವನು ಪಕ್ಕೆಗೆ ಒದ್ದ, ಮತ್ತೆ ಒದ್ದ. "ರಂಡೇ, ಮಂದಿ ಮುಂದ! ಮಂದಿ ಮುಂದ ನನ್ನ!" ಎನ್ನುವ ಮಾತಿಗೊಂದು ಒದೆತ. ಚನ್ನಬಸವರಾಜ ಎರಡು ಹೆಜ್ಜೆ ಮುಂದಿಟ್ಟು ನಿಂತ. "ಗಂಡ ಹೆಂಡ್ತಿ..." ಎಂದು ಏನೋ ಶುರು ಮಾಡಿ ನಿಲ್ಲಿಸಿದ. ಓಬಳೇಶ ಬಗ್ಗಿ ತಲೆಗಾತ್ರದ ಕಲ್ಲು ಎತ್ತಿದ. ಬಂಡೆ ಎಲ್ಲಿ ಸೀಳಬೇಕೆಂದು ಅವನಿಗೆ ಕಾಣುತ್ತಿತ್ತು.

ಮಾರೇಶ ಜ್ಯೋತಿಯ ಮಣಿಕಟ್ಟು ಹಿಡಿದು ಕೆಳಗಿನ ದಾರಿಗೆ ಎಳೆದ. "ನಡಿಯಲೇ, ಇದು ನಿನಗ್ಯಾಕ. ನಡಿ ಅಂದೆ!" ಅವಳು ಕಾಲೂರಿದಳು. ಅವನು ಮಣಿಕಟ್ಟನ್ನು ಹಿಂದಕ್ಕೆ ತಿರುಚಿದ. ಮೂಳೆ ಲಟಕ್ಕೆಂದದ್ದು ಅವಳಿಗೆ ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಮೊದಲನೆಯವಳ ಮುರಿದ ಕೈ ಅವಳಿಗೆ ಆ ಗಳಿಗೆಯಲ್ಲಿ ಕಂಡಿರಬೇಕು. ಇನ್ನೊಂದು ಕೈಯಲ್ಲಿ ತುಂಬಿದ ಸ್ಟೀಲ್ ಕ್ಯಾನಿತ್ತು. ಅದನ್ನು ಹಿಡಿಕೆಯಿಂದ ಬೀಸಿ ಅವನ ಹಣೆಗೆ ಬಡಿದಳು. ಮತ್ತೊಮ್ಮೆ ಬಡಿದಳು. ಆ ಸಪ್ಪಳ ಬಂಡೆಯಿಂದ ಬಂಡೆಗೆ ಹಾರಿ ಕೋಟೆಗೋಡೆಯ ತನಕ ಹೋಯಿತು. ಮಾರೇಶ ಮುಖ ಹಿಡಿದುಕೊಂಡು ಕುಸಿದ. ಬೆರಳ ಸಂದಿಗಳಿಂದ ರಕ್ತ, ನೀರು ಎರಡೂ ಇಳಿಯುತ್ತಿದ್ದವು.

ಆ ಸಪ್ಪಳಕ್ಕೆ ಓಬಳೇಶ ತಿರುಗಿದ. ಅಷ್ಟು ಸಾಕಾಯಿತು. ಹೊನ್ನೂರಮ್ಮ ಕುಳಿತಲ್ಲಿಂದಲೇ ಅವನ ಎರಡೂ ಕಾಲು ತಬ್ಬಿ ಎಳೆದಳು. ಅವನು ಎತ್ತಿದ ಕಲ್ಲು ಅವನದೇ ಪಾದದ ಮೇಲೆ ಬಿತ್ತು. ಕೂಗುತ್ತ ಬಿದ್ದವನ ಮೇಲೆ ಆಗ ಗುಂಪಿನ ಹುಡುಗರು ಬಿದ್ದರು. ಮೊದಲು ನಿಂತು ನೋಡಿದ ನಾಚಿಕೆಗೋ ಏನೋ, ಚನ್ನಬಸವರಾಜ ಎಲ್ಲರಿಗಿಂತ ಜೋರಾಗಿ ಅವನ ಬೆನ್ನ ಮೇಲೆ ಮೊಣಕಾಲೂರಿದ. ಬ್ಯಾಗಿನ ಪಟ್ಟಿ ಬಿಚ್ಚಿ ಕೈ ಕಟ್ಟಿದರು. ಗುದ್ದಾಟದಲ್ಲಿ ಕರಿದಾರ ಹರಿದು ಉಗುರು ಬಂಡೆಯ ಮೇಲೆ ಉರುಳಿತು.

ಅಂಜನಾ ಪೊಲೀಸರಿಗೆ ಫೋನು ಹಚ್ಚಿದಳು. ನಾಲ್ವರು ಹುಡುಗರು ಮಾವನನ್ನೂ ಅಳಿಯನನ್ನೂ ಹಿಡಿದು ಕೆಳಗಿಳಿಸಿದರು. ಕುಂಟುತ್ತ ಇಳಿಯುವ ಓಬಳೇಶನ ಬೈಗುಳ ಸಂದಿಯ ತನಕ ಕೇಳಿಸಿ ಆಮೇಲೆ ನಿಂತಿತು.

ಹೊನ್ನೂರಮ್ಮ ಬಾಯಿಯ ರಕ್ತ ಉಗುಳಿದಳು. ಬಂಡೆಯ ಮೇಲೆ ಬಿದ್ದಿದ್ದ ಉಗುರನ್ನು ಎತ್ತಿ, ಸುಟ್ಟ ಕಪ್ಪು ಇನ್ನೂ ಉಳಿದಿದ್ದ ಗವಿಯ ಬಾಯಿಗೆ ಹೋಗಿ, ಒಳಗಿನ ಬಿರುಕಿನಲ್ಲಿ ಕೈ ಹೋಗುವಷ್ಟು ದೂರ ತಳ್ಳಿದಳು. ಬಂದು ಮಗಳ ಮಣಿಕಟ್ಟು ನೋಡಿದಳು. ಊದಿತ್ತು, ಬೆರಳು ಆಡುತ್ತಿದ್ದವು. ಸೆರಗಿನ ಅಂಚು ಹರಿದು ಬಿಗಿಯಾಗಿ ಸುತ್ತಿದಳು.

"ಇಳೀರಿ ಅಮ್ಮ, ದವಾಖಾನಿಗೆ ಹೋಗೋಣ," ಎಂದ ಚನ್ನಬಸವರಾಜ.

"ಹೋಗೋಣ್ರಿ. ಅವರು ಮೊದ್ಲು ಇಳೀಲಿ. ಅವನ ಬೆನ್ನ ಹಿಂದ ನಾ ಇಳಿಯಂಗಿಲ್ಲ ಇವತ್ತು." ಅವಳು ತುದಿಯ ಕಡೆ ನೋಡಿದಳು. ಬಿಸಿಲು ಆಗಲೇ ಮೇಲಿನ ಬಂಡೆ ಮುಟ್ಟಿತ್ತು. "ಬರಾವರು ಬರ್ರಿ. ಕಲ್ಲು ಕಾಯೂದರಾಗ ತುದಿ ಮುಟ್ಟಿ ಬರಾಮು."

ಅಂಜನಾ ಕ್ಯಾಮೆರಾ ಚೀಲದೊಳಗೆ ಇಟ್ಟು ಎದ್ದಳು. ಇನ್ನೂ ಇಬ್ಬರು ಎದ್ದರು. ಜ್ಯೋತಿ ಮಾತ್ರ ಗುಂಡಿನ ಹತ್ತಿರ ಅಲ್ಲಾಡದೆ ನಿಂತಿದ್ದಳು. ಈ ಸಲ ಬೆನ್ನು ತಿರುಗಿಸಿರಲಿಲ್ಲ.

"ಅವ್ವ, ನಾ ಅವತ್ತು ಕಬ್ಬಿಣ ಬಡದದ್ದು..." ಸುತ್ತಿದ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡಳು. "ನಿನಗ ಕೇಳಿಸಿತ್ತೇನು?"

ಹೊನ್ನೂರಮ್ಮ ಒಂದು ಕೈಯಿಂದ ಪಕ್ಕೆ ಒತ್ತಿ ಹಿಡಿದು ಏರಿನ ಮೊದಲ ಬಂಡೆಗೆ ಕಾಲಿಟ್ಟಳು. ಬಾಯಿ ಮುಚ್ಚಿಕೊಳ್ಳದೆ ನಕ್ಕಳು. ಹಿಂದೆ ಮಗಳ ಹೆಜ್ಜೆ ಸರಿದದ್ದು ಕಿವಿಗೆ ಬಿದ್ದಿರಬೇಕು, ತಿರುಗಿ ನೋಡದೆ, ನಿಲ್ಲದೆ, ಹತ್ತುತ್ತಲೇ ಮಾತಾಡಿದಳು.

"ಕೇಳಿಸದೇನವ್ವ? ನಾ ಈ ಗುಂಡಿಗೆ ಬಂದು ಮುಟ್ಟಿದ್ಮ್ಯಾಲೂ ನೀ ಇನ್ನೂ ಬಡೀತಾನೇ ಇದ್ದಿ, ಮೂರಕ್ಕ ನಿಂದ್ರಸಾಕ ನಿನಗ ಗೊತ್ತಿದ್ದಿಲ್ಲ, ಅಷ್ಟು ಛಲೋ ಬಡೀತಿದ್ದಿ, ನಾ ಹಣ್ಣು ಕೀಳೂದು ಬಿಟ್ಟು ನಿನ್ನ ಸಪ್ಪಳ ಕೇಳಕೋತ ನಿಂತು, ನೋಡು ನನ್ನ ಮಗಳು ಅಂತ ಒಬ್ಬಾಕಿನೇ ನಗತಿದ್ದೆ, ಆಮ್ಯಾಲ ಓಡಿ ಇಳಿಯೂವಾಗೂ ಆ ಸಪ್ಪಳದ ಕಡಿಗೇ ನಾನು ಬಂದದ್ದು."